ಅಡ್ಮಿನ್ ಕೆಲಸದಲ್ಲೇ ನಿಂತುಹೋಗಿದ್ದೀರಾ? ಮುಂದಿನ ಕೆಲಸಕ್ಕೆ ದಾರಿ ಮಾಡಿಕೊಳ್ಳುವುದು ಹೀಗೆ

ಆಫೀಸಿನಲ್ಲಿ ಎಸಿ ಕೆಟ್ಟರೆ ಫೋನ್ ಬರುವುದು ನಿಮಗೆ. ಹೊಸಬರು ಸೇರಿದರೆ ಐಡಿ ಕಾರ್ಡ್, ಲ್ಯಾಪ್‌ಟಾಪ್, ಕೂರುವ ಜಾಗ ಎಲ್ಲವನ್ನೂ ನೀವೇ ನೋಡಬೇಕು. ನೀರಿನ ಕ್ಯಾನ್ ಬರಲಿಲ್ಲ, ಸೆಕ್ಯೂರಿಟಿಯವರು ಹೇಳದೆ ರಜೆ ಹಾಕಿದರು, ಸಾಹೇಬರಿಗೆ ನಾಳೆ ಬೆಳಗ್ಗೆ ಚೆನ್ನೈಗೆ ಟಿಕೆಟ್ ಬೇಕು, ಎಲ್ಲದಕ್ಕೂ ನಿಮ್ಮ ಹೆಸರೇ. ಆದರೆ ಅಪ್ರೈಸಲ್ ದಿನ "ಈ ವರ್ಷ ಏನು ಮಾಡಿದಿರಿ?" ಎಂದು ಕೇಳಿದರೆ ಹೇಳಲು ಮಾತೇ ಸಿಗುವುದಿಲ್ಲ. ಇನ್‌ಕ್ರಿಮೆಂಟ್ ಬಂದದ್ದೂ ಗೊತ್ತಾಗುವುದಿಲ್ಲ.

ಹೀಗೆ ಐದಾರು ವರ್ಷ ಕಳೆದವರು ಪೀಣ್ಯದ ಫ್ಯಾಕ್ಟರಿಗಳಲ್ಲಿದ್ದಾರೆ, ವೈಟ್‌ಫೀಲ್ಡ್‌ನ ಕಂಪನಿಗಳಲ್ಲಿದ್ದಾರೆ, ಹುಬ್ಬಳ್ಳಿ, ಮಂಗಳೂರಿನ ಕಾಲೇಜು, ನರ್ಸಿಂಗ್ ಹೋಮ್‌ಗಳ ಆಫೀಸಿನಲ್ಲಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟು: ಅಡ್ಮಿನ್ ಎನ್ನುವುದರಲ್ಲಿ ಐದಾರು ಬೇರೆ ಬೇರೆ ವೃತ್ತಿಗಳು ಸೇರಿಕೊಂಡಿವೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾ ಇದ್ದರೆ ಯಾವುದರಲ್ಲೂ ಮೇಲೆ ಹೋಗಲು ಆಗುವುದಿಲ್ಲ. ಅದರಲ್ಲಿ ಒಂದನ್ನು ಆರಿಸಿ, ಈಗಿರುವ ಕುರ್ಚಿಯಲ್ಲೇ ಅದನ್ನು ಬೆಳೆಸಿ, ಆಮೇಲೆ ಹೊರಡಬೇಕು.

ಹಂತ 1: ಬೇಸರ ಯಾವುದರ ಮೇಲೆ?

ಸಂಬಳ ಸಾಲುತ್ತಿಲ್ಲವೋ, ಬಾಸ್ ಜೊತೆ ಆಗಿಬರುತ್ತಿಲ್ಲವೋ, ದಿನಕ್ಕೆ ಮೂರು ಗಂಟೆ ಟ್ರಾಫಿಕ್‌ನಲ್ಲಿ ಹೋಗುತ್ತಿದೆಯೋ, ಅಥವಾ ಕೆಲಸವೇ ಬೇಡವಾಗಿದೆಯೋ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಬಾಸ್ ಒಬ್ಬರದೇ ತೊಂದರೆಯಾದರೆ ಇದೇ ಕೆಲಸವನ್ನು ಬೇರೆ ಕಂಪನಿಯಲ್ಲಿ ಹುಡುಕಿದರೆ ಸಾಕು. ಓಡಾಟದ ತೊಂದರೆಯಾದರೆ ಮನೆ ಹತ್ತಿರದ ಕೆಲಸ ಸಂಬಳ ಸ್ವಲ್ಪ ಕಡಿಮೆಯಾದರೂ ಲಾಭವೇ.

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಮುಂದಿನ ತಿಂಗಳಿಂದ 8,000 ರೂಪಾಯಿ ಜಾಸ್ತಿ ಕೊಟ್ಟರೆ ಇದೇ ಕೆಲಸವನ್ನು ಇನ್ನೂ ಮೂರು ವರ್ಷ ಖುಷಿಯಿಂದ ಮಾಡುತ್ತೀರಾ? "ಹೌದು" ಎನಿಸಿದರೆ ತೊಂದರೆ ದುಡ್ಡಿನದು. "ಇಲ್ಲ, ಆಗಲ್ಲ" ಎನಿಸಿದರೆ ಮುಂದೆ ಓದಿ.

ಒಂದು ಕಿವಿಮಾತು. ಕೋಪ ಬಂದ ದಿನ ರಾಜೀನಾಮೆ ಬರೆಯಬೇಡಿ. ಕೈಯಲ್ಲಿ ಇನ್ನೊಂದು ಆಫರ್ ಲೆಟರ್ ಇಲ್ಲದೆ ಹೊರಬಂದರೆ ಬಾಡಿಗೆ, ಇಎಂಐ ಕಟ್ಟುವ ಅವಸರದಲ್ಲಿ ಮತ್ತೆ ಅಂಥದ್ದೇ ಕೆಲಸಕ್ಕೆ ಸೇರುವ ಹಾಗಾಗುತ್ತದೆ. ಆರೋಗ್ಯ ಕೆಡುತ್ತಿದ್ದರೆ, ಕಿರುಕುಳ ಇದ್ದರೆ ಆ ಮಾತು ಬೇರೆ. ಆಗ ಹೊರಗೆ ಬರುವುದೇ ಮೊದಲು.

ಹಂತ 2: ಒಂದು ತಿಂಗಳು ನಿಮ್ಮ ಕೆಲಸವನ್ನು ಬರೆದಿಡಿ

ಇದು ಸುಮ್ನೆ ಮಾಡುವ ಕೆಲಸ ಅನಿಸಬಹುದು. ಆದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸಂಜೆ ಮನೆಗೆ ಹೊರಡುವ ಮುಂಚೆ ಐದು ನಿಮಿಷ. ಆ ದಿನ ಏನೇನು ಮಾಡಿದಿರಿ, ಎಷ್ಟು ಜನಕ್ಕೆ, ಎಷ್ಟು ದುಡ್ಡಿನದು, ಯಾವ ತಪ್ಪು ಹಿಡಿದಿರಿ. ಬರೆಯುವುದು ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲಿ. ಆಫೀಸಿನ ಫೈಲು, ರೇಟು, ಬೇರೆಯವರ ಸಂಬಳದ ವಿವರ ಮನೆಗೆ ತರಬೇಡಿ.

ಎಷ್ಟು ಹತ್ತಿರದಿಂದ ಬರೆಯಬೇಕು ಎನ್ನುವುದಕ್ಕೆ ಒಂದು ಉದಾಹರಣೆ. ತಿಂಗಳ ಮೊದಲ ವಾರ ಹೌಸ್‌ಕೀಪಿಂಗ್ ಬಿಲ್ ಬರುತ್ತದೆ. ಆರು ಜನ, 26 ದಿನ, ಒಟ್ಟು 156 ಡ್ಯೂಟಿ ಎಂದು ಬಿಲ್‌ನಲ್ಲಿದೆ. ನೀವು ಗೇಟಿನ ರಿಜಿಸ್ಟರ್ ತೆಗೆದು ಕೂಡಿಸುತ್ತೀರಿ. 149 ಮಾತ್ರ ಇದೆ. ಒಂದು ಡ್ಯೂಟಿಗೆ 700 ರೂಪಾಯಿ ಅಂದರೆ ಏಳು ಡ್ಯೂಟಿಗೆ 4,900. ಅದರ ಮೇಲೆ 18% ಜಿಎಸ್‌ಟಿ ಸೇರಿ 5,782 ರೂಪಾಯಿ ಜಾಸ್ತಿ ಹಾಕಿದ್ದಾರೆ. ಬಿಲ್ ವಾಪಸ್ ಕಳಿಸುತ್ತೀರಿ. ಜೊತೆಗೆ ಹಿಂದಿನ ತಿಂಗಳ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಕಟ್ಟಿದ ಚಲನ್ ಕೇಳುತ್ತೀರಿ. ಏಕೆಂದರೆ ಗುತ್ತಿಗೆದಾರರು ಅದನ್ನು ಕಟ್ಟದಿದ್ದರೆ ಹೊಣೆ ನಿಮ್ಮ ಕಂಪನಿಯ ತಲೆಗೆ ಬರುತ್ತದೆ. ಚಲನ್ ಜೊತೆಗಿನ ಪಟ್ಟಿಯಲ್ಲಿ ಆ ಆರು ಜನರ ಹೆಸರೂ ಇದೆಯಾ ಎಂದು ನೋಡುತ್ತೀರಿ.

ಇಷ್ಟನ್ನೂ ನೀವು "ಬಿಲ್ ಚೆಕ್ ಮಾಡಿದೆ" ಎಂದು ಮೂರು ಪದದಲ್ಲಿ ಮುಗಿಸುತ್ತೀರಿ ಅಲ್ವಾ? ಅದರಲ್ಲಿ ವೆಂಡರ್ ಜೊತೆ ವ್ಯವಹಾರ ಇದೆ, ಲೆಕ್ಕ ತಾಳೆ ನೋಡುವುದು ಇದೆ, ಕಾರ್ಮಿಕ ಕಾನೂನು ಇದೆ. ಮೂರೂ ಹೊರಗೆ ಬೆಲೆ ಇರುವ ಕೆಲಸಗಳು. ಹೆಸರಿಟ್ಟು, ಅಂಕಿ ಹಾಕಿ ಬರೆದರೆ ಮಾತ್ರ ಅದು ಬೇರೆಯವರ ಕಣ್ಣಿಗೆ ಬೀಳುತ್ತದೆ.

ತಿಂಗಳು ಮುಗಿದ ಮೇಲೆ ಪಟ್ಟಿಯನ್ನು ಗುಂಪು ಮಾಡಿ. ಜನರ ಕಡೆಯದು, ದುಡ್ಡಿನ ಕಡೆಯದು, ಖರೀದಿ, ಕಟ್ಟಡದ ನಿರ್ವಹಣೆ, ಎಕ್ಸೆಲ್ ರಿಪೋರ್ಟು, ಮೇಲಿನವರ ಓಡಾಟ ಮತ್ತು ಮೀಟಿಂಗು. ಯಾವುದನ್ನು ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಎನ್ನುವುದಕ್ಕೆ ಒಂದು ಗುರುತು ಹಾಕಿ.

ಹಂತ 3: ಒಂದೇ ದಾರಿ ಆರಿಸಿ

ಪೇರೋಲ್ ಮತ್ತು ಎಚ್‌ಆರ್ ಆಪರೇಷನ್ಸ್: ಹಾಜರಿ, ರಜೆ, ಜಾಯ್ನಿಂಗ್ ಫಾರಂ ನೋಡುವವರಿಗೆ ಇದು ಎಲ್ಲಕ್ಕಿಂತ ಹತ್ತಿರದ ದಾರಿ ಎಂದು ನನ್ನ ನಂಬಿಕೆ. ಹತ್ತು ಜನರ ಫ್ಯಾಕ್ಟರಿಯಿಂದ ಹತ್ತು ಸಾವಿರ ಜನರ ಕಂಪನಿಯವರೆಗೆ ಎಲ್ಲರಿಗೂ ಸಂಬಳ ಮಾಡುವವರು ಬೇಕು. ಕಲಿಯಬೇಕಾದದ್ದೂ ಕೈಗೆ ಸಿಗುವಂಥದ್ದೇ. ಪಿಎಫ್‌ಗೆ ನೌಕರರಿಂದ 12%. ಇಎಸ್‌ಐಗೆ ನೌಕರರಿಂದ 0.75%, ಕಂಪನಿಯಿಂದ 3.25%. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕಿಂತ ಜಾಸ್ತಿ ಸಂಬಳ ಇರುವವರಿಗೆ 200 ರೂಪಾಯಿ ವೃತ್ತಿ ತೆರಿಗೆ, 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ ಮಾತ್ರ 300. ನಿಮ್ಮ ಸ್ವಂತ ಪೇಸ್ಲಿಪ್ ತೆಗೆದುಕೊಂಡು ಒಂದೊಂದು ಅಂಕಿಯೂ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ. ಪಾಠ ಅಲ್ಲಿಂದಲೇ ಶುರು.

ಅಕೌಂಟ್ಸ್, ಅದರಲ್ಲೂ ವೆಂಡರ್ ಪೇಮೆಂಟ್ ಕಡೆ: ಪೆಟ್ಟಿ ಕ್ಯಾಶ್, ವೋಚರ್, ಬಿಲ್ ನಿಮ್ಮ ಕೈಯಲ್ಲಿದ್ದರೆ ಇದು. ಬಿ.ಕಾಂ ಆದವರಿಗೆ ಸುಲಭ. ಬೇರೆ ಡಿಗ್ರಿಯವರಿಗೂ ಬಾಗಿಲು ಮುಚ್ಚಿಲ್ಲ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಪ್ರತಿ ತಿಂಗಳು ರಿಟರ್ನ್ ಹಾಕುವ ಕಂಪನಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ) ಮುಂದಿನ ತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ. ವೆಂಡರ್ ತಮ್ಮ ಬಿಲ್ಲನ್ನು ಪೋರ್ಟಲ್‌ಗೆ ಏರಿಸದಿದ್ದರೆ ನಿಮ್ಮ ಕಂಪನಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯ ವಜಾ) ಸಿಗುವುದಿಲ್ಲ. ಆಗ ವೆಂಡರ್‌ಗೆ ಫೋನ್ ಮಾಡಿ ಬೆನ್ನು ಹತ್ತುವವರು ಯಾರು? ಬಹಳ ಸಲ ನೀವೇ.

ಖರೀದಿ: ಮೂರು ಕೊಟೇಶನ್ ತರಿಸುವುದು, ರೇಟು ಇಳಿಸುವುದು, ಪಿಒ (ಖರೀದಿ ಆದೇಶ) ಮಾಡುವುದು ನಿಮಗೆ ಇಷ್ಟವಾದರೆ ಪರ್ಚೇಸ್ ಕಡೆ ಹೋಗಿ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ 2016ರಲ್ಲಿ ಶುರುವಾಯಿತು. ಸರ್ಕಾರಕ್ಕೆ ಮಾಲು ಕೊಡುವ ಸಣ್ಣ ಕಂಪನಿಗಳಿಗೆ ಅದರಲ್ಲಿ ಟೆಂಡರ್ ಹಾಕಲು ಬರುವವರು ಬೇಕಾಗುತ್ತಾರೆ.

ಫೆಸಿಲಿಟಿ (ಕಟ್ಟಡದ ನಿರ್ವಹಣೆ) ಮತ್ತು ಲಯಸನ್ (ಸರ್ಕಾರಿ ಕಚೇರಿಗಳ ಜೊತೆ ವ್ಯವಹಾರ): ಇದನ್ನು ಕೀಳಾಗಿ ನೋಡಬೇಡಿ. ದೊಡ್ಡ ಟೆಕ್ ಪಾರ್ಕುಗಳಲ್ಲಿ ಫೆಸಿಲಿಟಿ ಮ್ಯಾನೇಜರ್ ಎಂದರೆ ಒಳ್ಳೆಯ ಹುದ್ದೆ. ಬೆಸ್ಕಾಂ ಆಫೀಸಿಗೆ ಹೋಗಿ ಮಾತಾಡಬೇಕು, ಕಾರ್ಮಿಕ ಇಲಾಖೆಯ ಕಾಗದಕ್ಕೆ ಉತ್ತರ ಬರೆಯಬೇಕು, ಸ್ಟೇಷನ್ನಿನಲ್ಲಿ ವೆರಿಫಿಕೇಶನ್ ಮಾಡಿಸಬೇಕು. ಕನ್ನಡ ಓದಲು, ಬರೆಯಲು ಚೆನ್ನಾಗಿ ಬರುವುದು ಇಲ್ಲಿ ದೊಡ್ಡ ಬಲ. ಹೊರರಾಜ್ಯದ ಕಂಪನಿಗಳಿಗೆ ಇಂಥವರು ಬೇಕೇ ಬೇಕು. ರೆಸ್ಯೂಮ್‌ನಲ್ಲಿ ಇದನ್ನು ಧೈರ್ಯವಾಗಿ ಬರೆಯಿರಿ.

ಎಂಐಎಸ್, ಅಂದರೆ ಮೇಲಿನವರಿಗೆ ರಿಪೋರ್ಟು ಮಾಡಿಕೊಡುವ ಕೆಲಸ, ಎಕ್ಸೆಲ್ ಇಷ್ಟಪಡುವವರಿಗೆ. ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಕೆಲಸಕ್ಕೆ ಇಂಗ್ಲಿಷ್‌ನಲ್ಲಿ ಮೇಲ್ ಬರೆಯುವುದು ಗಟ್ಟಿ ಇರಬೇಕು, ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ಫೋನಿಗೂ ತಯಾರಿರಬೇಕು.

ಇನ್ನು ಮನೆಯಲ್ಲಿ ಯಾರಾದರೊಬ್ಬರು "ಗೌರ್ಮೆಂಟ್ ಕೆಲಸಕ್ಕೆ ಹಾಕು" ಎಂದೇ ಎನ್ನುತ್ತಾರೆ. ಎಫ್‌ಡಿಎ, ಎಸ್‌ಡಿಎ ಕೂಡ ಕಚೇರಿ ಕೆಲಸವೇ. ಭದ್ರತೆ ಬೇಕು ಎನ್ನುವವರಿಗೆ ಅದು ಸರಿಯಾದ ಆಸೆ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ವಯಸ್ಸಿನ ಮಿತಿ ನೋಡಿಕೊಳ್ಳಿ, ಎಷ್ಟು ವರ್ಷ ಪ್ರಯತ್ನ ಎಂದು ಮೊದಲೇ ತೀರ್ಮಾನಿಸಿ, ಕೆಲಸದಲ್ಲಿ ಇದ್ದುಕೊಂಡೇ ಓದಿ.

ಹಂತ 4: ಈಗಿನ ಆಫೀಸಿನಲ್ಲೇ ಕಲಿಯಿರಿ

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಪಕ್ಕದ ಕ್ಯಾಬಿನ್ ನೋಡಿ. ನಿಮಗೆ ಬೇಕಾದ ಕೆಲಸ ಮಾಡುವವರು ಅಲ್ಲೇ ಇದ್ದಾರೆ. ಸರ್ಟಿಫಿಕೇಟ್‌ಗಿಂತ "ಆರು ತಿಂಗಳು ಪೇರೋಲ್‌ಗೆ ಸಹಾಯ ಮಾಡಿದ್ದೇನೆ" ಎನ್ನುವ ಒಂದು ಸಾಲಿಗೆ ಬೆಲೆ ಜಾಸ್ತಿ. ಕೇಳುವುದು ಹೀಗೆ:

"ಸರ್, ತಿಂಗಳ ಹಾಜರಿ ನಾನೇ ಕಳಿಸ್ತೀನಲ್ಲ. ಇನ್ಮೇಲೆ ಪೇರೋಲ್ ಶೀಟ್ ಮಾಡುವಾಗ ನಾನೂ ಪಕ್ಕದಲ್ಲಿ ಕೂತ್ಕೊಳ್ಳಲಾ? ತಿಂಗಳಿಗೆ ಎರಡು ದಿನ ಅಷ್ಟೇ. ನನ್ನ ಕೆಲಸ ಯಾವುದೂ ನಿಲ್ಲಲ್ಲ."

ತಿಂಗಳ ಕೊನೆಯಲ್ಲಿ ಆ ವಿಭಾಗದವರಿಗೆ ಕೆಲಸ ಉಸಿರುಗಟ್ಟುವಷ್ಟಿರುತ್ತದೆ. ಸಹಾಯ ಮಾಡುತ್ತೇನೆ ಎಂದವರನ್ನು ಬೇಡ ಎನ್ನುವುದು ಕಡಿಮೆ. ಬೇಡ ಎಂದರೆ ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಆಗದಿದ್ದರೆ ಆ ಕಂಪನಿಯಲ್ಲಿ ನಿಮಗೆ ದಾರಿ ಇಲ್ಲ ಎಂದು ತಿಳಿಯಿರಿ. ಅದೂ ಒಂದು ಉಪಯೋಗದ ಉತ್ತರವೇ.

ಯಾವ ದಾರಿ ಹಿಡಿದರೂ ಎಕ್ಸೆಲ್ ಬೇಕು. ವಿಲುಕಪ್ ಅಥವಾ ಎಕ್ಸ್‌ಲುಕಪ್, ಸಮ್‌ಇಫ್ಸ್, ಪಿವೋಟ್ ಟೇಬಲ್, ಡೂಪ್ಲಿಕೇಟ್ ತೆಗೆಯುವುದು, ಎರಡು ಪಟ್ಟಿ ಹೋಲಿಸಿ ವ್ಯತ್ಯಾಸ ಹುಡುಕುವುದು. ಇಷ್ಟು ಕೈಗೆ ಬಂದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಅಭ್ಯಾಸಕ್ಕೆ ನಿಮ್ಮ ಮನೆಯ ಒಂದು ವರ್ಷದ ಖರ್ಚನ್ನೇ ತುಂಬಿ.

ಅಕೌಂಟ್ಸ್ ಕಡೆ ಹೋಗುವವರಿಗೆ ಟ್ಯಾಲಿ ಬೇಕೇ ಬೇಕು. 1986ರಿಂದ ನಡೆದು ಬಂದ ನಮ್ಮ ಬೆಂಗಳೂರಿನ ಕಂಪನಿಯದೇ ಸಾಫ್ಟ್‌ವೇರ್ ಅದು. ಟ್ಯಾಲಿಪ್ರೈಮ್ ಅನ್ನು ಎಜುಕೇಷನಲ್ ಮೋಡ್‌ನಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು. ವೋಚರ್‌ಗೆ ತಿಂಗಳ ಕೆಲವೇ ತಾರೀಖು ಹಾಕಲು ಆಗುತ್ತದೆ, ಆದರೆ ಕಲಿಯಲು ಅಷ್ಟು ಸಾಕು. ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್‌ನಲ್ಲಿ ಅಕೌಂಟಿಂಗ್, ಎಚ್‌ಆರ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆಗೆ ಶುಲ್ಕ. ಪಿಯುಸಿಗೆ ಓದು ನಿಲ್ಲಿಸಿದವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಿಂದ ಅಥವಾ ಇಗ್ನೋದಿಂದ ಡಿಗ್ರಿ ಮುಗಿಸಿಕೊಳ್ಳಿ. ಎಷ್ಟೋ ಕಂಪನಿಗಳಲ್ಲಿ ಡಿಗ್ರಿ ಇಲ್ಲದ ರೆಸ್ಯೂಮ್ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೇಳುವ ಅವಕಾಶವೇ ಸಿಗುವುದಿಲ್ಲ.

ಹಂತ 5: ರೆಸ್ಯೂಮ್ ಹೊಸದಾಗಿ ಬರೆಯಿರಿ

ಹಳೆಯದಕ್ಕೆ ತೇಪೆ ಹಾಕಬೇಡಿ. ಹೆಚ್ಚಿನ ಅಡ್ಮಿನ್ ರೆಸ್ಯೂಮ್‌ಗಳಲ್ಲಿ "ಹೌಸ್‌ಕೀಪಿಂಗ್ ಮತ್ತು ಸೆಕ್ಯೂರಿಟಿ ನೋಡಿಕೊಳ್ಳುವುದು" ಎಂಬ ಸಾಲು ಇರುತ್ತದೆ. ಓದಿದವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಪೇರೋಲ್ ಕಡೆ ಹೋಗುವವರು ಅದನ್ನೇ ಹೀಗೆ ಬರೆಯಬಹುದು: "26 ಹೊರಗುತ್ತಿಗೆ ಸಿಬ್ಬಂದಿಯ ಹಾಜರಿಯನ್ನು ಪ್ರತಿ ತಿಂಗಳು ಬಿಲ್ ಮತ್ತು ಪಿಎಫ್, ಇಎಸ್‌ಐ ಚಲನ್ ಜೊತೆ ತಾಳೆ ನೋಡುತ್ತೇನೆ, ವ್ಯತ್ಯಾಸ ಸರಿಪಡಿಸಿ 5ರೊಳಗೆ ಅಕೌಂಟ್ಸ್‌ಗೆ ಕಳಿಸುತ್ತೇನೆ." ಖರೀದಿ ಕಡೆ ಹೋಗುವವರು ಅದೇ ಕೆಲಸದಲ್ಲಿ ಎಷ್ಟು ವೆಂಡರ್, ವರ್ಷಕ್ಕೆ ಎಷ್ಟು ಲಕ್ಷದ ಗುತ್ತಿಗೆ, ರೇಟು ಎಷ್ಟು ಇಳಿಸಿದಿರಿ ಎನ್ನುವುದನ್ನು ಮುಂದೆ ತರಬೇಕು. ಇಂಗ್ಲಿಷ್‌ನಲ್ಲೇ ಬರೆಯಬೇಕಾಗುತ್ತದೆ, ಆದರೆ ಮೊದಲು ಕನ್ನಡದಲ್ಲಿ ಬರೆದು ನೋಡಿ. ಏನು ಹೇಳಬೇಕೆಂದು ಸ್ಪಷ್ಟವಾಗುತ್ತದೆ.

ಎರಡು ಪುಟ ಸಾಕು. ಆರಿಸಿದ ದಾರಿಗೆ ಸಂಬಂಧವಿಲ್ಲದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿ. ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಬರೆಯಬೇಡಿ. ಪೇರೋಲ್ ಮಾಡುವವರು ಎದುರು ಕೂತು ಎರಡನೇ ಪ್ರಶ್ನೆ ಕೇಳಿದ ಕೂಡಲೇ ಗೊತ್ತಾಗಿಬಿಡುತ್ತದೆ.

ಹಂತ 6: ಜನರನ್ನು ಕೇಳಿ

ನೌಕ್ರಿ, ಲಿಂಕ್ಡ್‌ಇನ್ ಎರಡರಲ್ಲೂ ಪ್ರೊಫೈಲ್ ಇರಲಿ. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ಗಳಲ್ಲೂ ಹೆಸರು ಹಾಕಿ. ಪ್ರೊಫೈಲ್‌ನಲ್ಲಿ "ಅಡ್ಮಿನ್" ಜೊತೆಗೆ ನೀವು ಹೋಗಬೇಕೆಂದಿರುವ ಕೆಲಸದ ಹೆಸರೂ ಇರಲಿ. ಇಲ್ಲದಿದ್ದರೆ ಮತ್ತೆ ಅಡ್ಮಿನ್ ಕೆಲಸದ ಫೋನುಗಳೇ ಬರುತ್ತವೆ.

ಆದರೆ ಅಡ್ಮಿನ್‌ನವರ ಹತ್ತಿರ ಬೇರೆಯವರಿಗೆ ಇಲ್ಲದ ಒಂದು ಆಸ್ತಿ ಇದೆ: ವೆಂಡರ್‌ಗಳು. ಸ್ಟೇಷನರಿ ಕೊಡುವವರು, ಪ್ರಿಂಟರ್ ಎಎಂಸಿಯವರು (ವಾರ್ಷಿಕ ನಿರ್ವಹಣೆ ಗುತ್ತಿಗೆಯವರು), ಪಿಎಫ್ ಕನ್ಸಲ್ಟೆಂಟ್, ಆಡಿಟರ್ ಆಫೀಸಿನ ಹುಡುಗ, ಇವರೆಲ್ಲ ತಿಂಗಳಿಗೆ ಹತ್ತಾರು ಕಂಪನಿಗಳಿಗೆ ಹೋಗಿ ಬರುತ್ತಾರೆ. ಯಾವ ಆಫೀಸಿನಲ್ಲಿ ಯಾರು ಬಿಟ್ಟರು, ಎಲ್ಲಿ ಹುಡುಕುತ್ತಿದ್ದಾರೆ ಎನ್ನುವುದು ಪೋರ್ಟಲ್‌ಗೆ ಬರುವ ಮುಂಚೆಯೇ ಅವರಿಗೆ ಗೊತ್ತಿರುತ್ತದೆ. ಮಾತು ನಿಮ್ಮ ಬಾಸ್ ಕಿವಿಗೆ ಬೀಳದಂತೆ, ನಂಬಿಕೆ ಇರುವ ಒಬ್ಬರಿಬ್ಬರಿಗೆ ಮಾತ್ರ ಹೇಳಿ. ಅದಕ್ಕೆ ಬದಲಾಗಿ ಅವರ ಬಿಲ್ಲಿನಲ್ಲಿ ಯಾವ ರಿಯಾಯಿತಿಯನ್ನೂ ತೋರಿಸಬೇಡಿ. ಒಮ್ಮೆ ಆ ಹೆಸರು ಕೆಟ್ಟರೆ ಖರೀದಿ, ಅಕೌಂಟ್ಸ್ ಎರಡೂ ದಾರಿ ಮುಚ್ಚುತ್ತವೆ.

ಹಳೆಯ ಸಹೋದ್ಯೋಗಿಗಳಿಗೆ ವಾಟ್ಸಾಪ್ ಮಾಡುವಾಗ "ಯಾವುದಾದ್ರೂ ಕೆಲಸ ಇದ್ರೆ ಹೇಳಿ" ಎಂದರೆ ಅವರಿಗೆ ಏನು ಹುಡುಕಬೇಕೆಂದೇ ಗೊತ್ತಾಗುವುದಿಲ್ಲ. ಹೀಗೆ ಕೇಳಿ: "ಮೇಡಂ ನಮಸ್ಕಾರ. ಪೇರೋಲ್ ಕಡೆ ಹೋಗ್ಬೇಕು ಅಂತ ಕಲೀತಾ ಇದೀನಿ. ನಿಮ್ಮ ಕೆಲಸ ದಿನಾ ಹೇಗಿರುತ್ತೆ, ಹೊಸಬರಲ್ಲಿ ಏನು ನೋಡ್ತಾರೆ ಅಂತ ಹದಿನೈದು ನಿಮಿಷ ಕೇಳಬಹುದಾ? ಭಾನುವಾರ ನಿಮಗೆ ಬಿಡುವಾದಾಗ ಫೋನ್ ಮಾಡ್ತೀನಿ." ಸಲಹೆ ಕೇಳಿದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕೆಲಸ ಖಾಲಿ ಇದ್ದಾಗ ನಿಮ್ಮ ನೆನಪೂ ಬರುತ್ತದೆ.

ಕೆಲಸ ಕೊಡಿಸಲು ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ದುಡ್ಡು ಕೇಳಿದರೆ ಅದು ಮೋಸ. ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 7: ಇಂಟರ್‌ವ್ಯೂ

ಎರಡು ಪ್ರಶ್ನೆಗೆ ತಯಾರಾಗಿ. ಮೊದಲನೆಯದು, "ಅಡ್ಮಿನ್‌ನಿಂದ ಇಲ್ಲಿಗೆ ಯಾಕೆ?" ಹಳೆಯ ಕಂಪನಿಯ ದೂರು ಬೇಡ. ನಿಮ್ಮ ನೋಟ್‌ಬುಕ್‌ನಲ್ಲಿರುವ ಒಂದು ಘಟನೆ ಹೇಳಿ. ಆ 156 ಡ್ಯೂಟಿಯ ಬಿಲ್ಲಿನಂಥದ್ದು. ಎರಡನೆಯದು, "ಇದರಲ್ಲಿ ಪೂರ್ತಿ ಅನುಭವ ಇಲ್ಲವಲ್ಲ?" ಇಲ್ಲ ಎಂದು ಒಪ್ಪಿಕೊಂಡು, ಏನು ಗೊತ್ತು, ಏನು ಕಲಿಯುತ್ತಿದ್ದೀರಿ ಎಂದು ಬಿಡಿಸಿ ಹೇಳಿ. ಕೆಲವು ಕಡೆ ಎಕ್ಸೆಲ್ ಶೀಟ್ ಮುಂದಿಟ್ಟು ಅಲ್ಲೇ ಮಾಡಿ ಎನ್ನುತ್ತಾರೆ. ಅಭ್ಯಾಸ ಬಿಡಬೇಡಿ.

ಇಂಗ್ಲಿಷ್ ಎಂದರೆ ಗಂಟಲು ಕಟ್ಟುವವರು ಬಹಳ ಜನ. ನಿಮ್ಮ ಕೆಲಸದ ಬಗ್ಗೆ ಹತ್ತು ಸಣ್ಣ ಸಣ್ಣ ವಾಕ್ಯ ತಯಾರಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಪೇರೋಲ್, ಅಕೌಂಟ್ಸ್ ಕೆಲಸಕ್ಕೆ ನಿರರ್ಗಳ ಭಾಷಣ ಯಾರಿಗೂ ಬೇಡ. ತಪ್ಪಿಲ್ಲದ ಲೆಕ್ಕ, ಅರ್ಥವಾಗುವ ಮೇಲ್ ಸಾಕು.

ಹಂತ 8: ಆಫರ್ ಬಂದಾಗ ಇವನ್ನು ನೋಡಿ

ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಷ್ಟು ಎನ್ನುವುದಕ್ಕಿಂತ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಹಣ), ವಿಮೆ ಎಲ್ಲ ಸಿಟಿಸಿಯ ಒಳಗೇ ಸೇರಿರಬಹುದು.

ಇಎಸ್‌ಐ ವಿಷಯವನ್ನು ಬಹಳ ಜನ ಮರೆಯುತ್ತಾರೆ. 2017ರಿಂದ ಇದರ ಸಂಬಳದ ಮಿತಿ ತಿಂಗಳಿಗೆ 21,000. ಈಗ 19,000 ಬರುತ್ತಿದ್ದು, ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ ಅಂದುಕೊಳ್ಳಿ. 24,000ದ ಹೊಸ ಕೆಲಸಕ್ಕೆ ಸೇರಿದರೆ ಆ ಸೌಲಭ್ಯ ನಿಲ್ಲುತ್ತದೆ. ಹೊಸ ಕಂಪನಿಯ ವಿಮೆಯಲ್ಲಿ ತಂದೆ ತಾಯಿ ಬರುತ್ತಾರಾ ಎಂದು ಸಹಿ ಹಾಕುವ ಮುಂಚೆಯೇ ಕೇಳಿ. ಬರುವುದಿಲ್ಲ ಎಂದರೆ ಬೇರೆ ಪಾಲಿಸಿಯ ಖರ್ಚನ್ನೂ ಸಂಬಳದಲ್ಲಿ ಕಳೆದು ನೋಡಿ.

ಗ್ರಾಚ್ಯುಟಿಗೂ ಲೆಕ್ಕ ಇದೆ. ಕಾಯಂ ನೌಕರರಿಗೆ ಐದು ವರ್ಷ ತುಂಬಬೇಕು. ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 18,000 ಇದ್ದರೆ, ಅದನ್ನು 26ರಿಂದ ಭಾಗಿಸಿ, 15ರಿಂದಲೂ ಐದು ವರ್ಷದಿಂದಲೂ ಗುಣಿಸಿದರೆ ಸುಮಾರು 51,900 ರೂಪಾಯಿ. ನಾಲ್ಕು ವರ್ಷ ಹತ್ತು ತಿಂಗಳಾಗಿರುವವರು ಸೇರುವ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕಲು ಆಗುತ್ತದೆಯೇ ಎಂದು ಹೊಸ ಕಂಪನಿಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸಂಬಳ ಅಷ್ಟೇ ಇದ್ದು ಕೆಲಸ ಮಾತ್ರ ನಿಮ್ಮ ದಾರಿಯದ್ದೇ ಆದರೆ? ಮನೆ ನಡೆಯುತ್ತದೆ ಎಂದಾದರೆ ನಾನು ಸೇರಿ ಎಂದೇ ಹೇಳುತ್ತೇನೆ. ಎರಡು ವರ್ಷ ಪೇರೋಲ್ ಮಾಡಿದವರಿಗೆ ಮೂರನೇ ಕೆಲಸ ಹುಡುಕುವುದು ಅಡ್ಮಿನ್‌ನವರಿಗಿಂತ ಎಷ್ಟೋ ಸುಲಭ.

ಹಂತ 9: ಬಿಡುವುದನ್ನೂ ಸರಿಯಾಗಿ ಬಿಡಿ

ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಪೀರಿಯಡ್ ಎಷ್ಟು ದಿನ ಎಂದು ನೋಡಿ, ಅದನ್ನು ಹೊಸ ಕಂಪನಿಗೆ ಮೊದಲೇ ಹೇಳಿ. ರಾಜೀನಾಮೆ ಮೇಲ್‌ನಲ್ಲಿರಲಿ, ನಾಲ್ಕು ಸಾಲು ಸಾಕು. ಹ್ಯಾಂಡೋವರ್ ಪಟ್ಟಿ ಚೆನ್ನಾಗಿ ಮಾಡಿ. ಎಎಂಸಿ ಮುಗಿಯುವ ತಾರೀಖು, ಬಾಕಿ ಬಿಲ್ಲು, ಯಾವ ಬೀಗದ ಕೈ ಎಲ್ಲಿದೆ, ವೆಂಡರ್ ನಂಬರು, ಪೆಟ್ಟಿ ಕ್ಯಾಶ್ ಬ್ಯಾಲೆನ್ಸ್. ಕ್ಯಾಶ್ ಎಣಿಸಿ ಕೊಟ್ಟು ಸಹಿ ತೆಗೆದುಕೊಳ್ಳಿ.

ಹೊರಡುವಾಗ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್, ಕೊನೆಯ ಮೂರು ಪೇಸ್ಲಿಪ್, ಫುಲ್ ಅಂಡ್ ಫೈನಲ್ ಲೆಕ್ಕದ ಕಾಗದ ಕೇಳಿ. ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ "ಅಡ್ಮಿನ್ ಕೆಲಸ" ಎಂದಷ್ಟೇ ಬರೆಯದೆ ಪೇರೋಲ್‌ಗೆ ಸಹಾಯ, ವೆಂಡರ್ ಬಿಲ್ ಪರಿಶೀಲನೆ ಎಂದು ಸೇರಿಸಲು ವಿನಂತಿಸಿ. ಡ್ರಾಫ್ಟ್ ನೀವೇ ಬರೆದುಕೊಟ್ಟರೆ ಅವರಿಗೂ ಸುಲಭ.

ಪಿಎಫ್ ದುಡ್ಡು ತೆಗೆಯಬೇಡಿ. ಐದು ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆ ಬೀಳಬಹುದು. ಹಳೆಯ ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರು) ಅನ್ನೇ ಹೊಸ ಕಂಪನಿಗೆ ಕೊಟ್ಟು, ಹಳೆಯ ಖಾತೆಯ ಹಣ ವರ್ಗವಾಗಿದೆಯೇ ಎಂದು ಪಾಸ್‌ಬುಕ್‌ನಲ್ಲಿ ನೋಡಿ. ಹಳೆಯ ಕಂಪನಿ ನೀವು ಕೆಲಸ ಬಿಟ್ಟ ದಿನಾಂಕವನ್ನು ಹಾಕದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲಬಹುದು. ಮೊದಲು ಅವರಿಗೇ ಮೇಲ್ ಮಾಡಿ. ಎರಡು ತಿಂಗಳಾದರೂ ಹಾಕದಿದ್ದರೆ, ಇಪಿಎಫ್‌ಒದ ಸದಸ್ಯರ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಆಧಾರ್ ಒಟಿಪಿ ಕೊಟ್ಟು ಆ ದಿನಾಂಕವನ್ನು ನೀವೇ ತುಂಬಬಹುದು.